ಸಿ. ಅಶ್ವತ್ಥ್: ಕವಿತೆಯನ್ನು ಮನೆಮನೆಗೆ ಮುಟ್ಟಿಸಿದ ಕಂಠ

ನಾಡಗೀತೆಯನ್ನು ಯಾವ ಧಾಟಿಯಲ್ಲಿ ಹಾಡಬೇಕು ಎಂಬ ವಿವಾದ ಕರ್ನಾಟಕದಲ್ಲಿ ಹೆಚ್ಚುಕಡಿಮೆ ಎರಡು ದಶಕ ಕಾಲ ನಡೆಯಿತು. ಕುವೆಂಪು ಅವರ ಕವಿತೆಗೆ ನಾಡಗೀತೆಯ ಸ್ಥಾನ ದೊರೆತದ್ದು 2004ರಲ್ಲಿ. ಧಾಟಿಯ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು. ಮೈಸೂರು ಅನಂತಸ್ವಾಮಿ ಅವರ ಸಂಯೋಜನೆಯೇ, ಸಿ. ಅಶ್ವತ್ಥ್ ಅವರ ಸಂಯೋಜನೆಯೇ ಎಂದು ಎರಡು ಪಕ್ಷಗಳಾದವು. 2022ರಲ್ಲಿ ಸರ್ಕಾರ ಅನಂತಸ್ವಾಮಿ ಅವರ ಧಾಟಿಯನ್ನು ಒಪ್ಪಿ, ಗಾಯನದ ಅವಧಿಯನ್ನು 2 ನಿಮಿಷ 30 ಸೆಕೆಂಡುಗಳಿಗೆ ನಿಗದಿಪಡಿಸಿತು. ಆ ಆದೇಶವನ್ನು ಪ್ರಶ್ನಿಸಿದ್ದ ಅರ್ಜಿಯನ್ನು 2024ರಲ್ಲಿ ಹೈಕೋರ್ಟ್ ವಜಾ ಮಾಡಿತು. ಸರ್ಕಾರಿ ಭಾಷೆಯಲ್ಲಿ ಹೇಳುವುದಾದರೆ, ಕಡತ ಮುಕ್ತಾಯವಾಯಿತು.

ಮೂರು ದಶಕಕ್ಕೂ ಹೆಚ್ಚು ಕಾಲ ಕಡತಗಳ ನಡುವೆ ಬದುಕಿದ ನನಗೆ ಈ ತೀರ್ಮಾನದ ಬಗ್ಗೆ ತಕರಾರಿಲ್ಲ. ಶಾಲೆಗಳಲ್ಲಿ, ಸಭೆಗಳಲ್ಲಿ ಎಲ್ಲರೂ ಎದ್ದು ನಿಂತು ಹಾಡಬೇಕಾದ ಗೀತೆಗೆ ಒಂದು ಧಾಟಿ, ಒಂದು ಕಾಲಮಿತಿ ಬೇಕು. ಆದರೆ ಈ ವಿವಾದದಿಂದ ಒಂದು ನಷ್ಟ ಸಂಭವಿಸಿದೆ. ಇಂದಿನ ಎಳೆಯರ ಪಾಲಿಗೆ ಅಶ್ವತ್ಥ್ ಎಂಬುದು ಒಂದು ವ್ಯಾಜ್ಯದಲ್ಲಿ ಸೋತ ಪಕ್ಷದ ಹೆಸರಾಗಿ ಉಳಿಯುವ ಅಪಾಯವಿದೆ. ಆ ಎರಡೂವರೆ ನಿಮಿಷದ ಆಚೆಗೆ ಅವರು ಮಾಡಿದ ಕೆಲಸವೇನು ಎಂಬುದನ್ನು ಸಾವಧಾನದಿಂದ ನೋಡಬೇಕಾಗಿದೆ. ನನ್ನ ದೃಷ್ಟಿಯಲ್ಲಿ ಅದು ಯಾವ ಸರ್ಕಾರಿ ಆದೇಶವೂ ಮಾಡಲಾಗದಂಥ ಕೆಲಸ. 1956ರಲ್ಲಿ ಕಾನೂನಿನ ಬಲದಿಂದ ಒಂದಾದ ಕನ್ನಡ ಪ್ರದೇಶಗಳನ್ನು ಕಿವಿಯ ಮೂಲಕ ಒಂದಾಗಿಸಿದವರಲ್ಲಿ ಅವರು ಪ್ರಮುಖರು.

ಅಶ್ವತ್ಥ್ ಹುಟ್ಟಿದ್ದು 1939ರ ಡಿಸೆಂಬರ್ 29ರಂದು, ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ. ಈ ಜಿಲ್ಲೆಯೆಂದರೆ ಹೊರಗಿನವರಿಗೆ ಬೇಲೂರು, ಹಳೇಬೀಡು, ಶ್ರವಣಬೆಳಗೊಳಗಳ ಕಲ್ಲು ನೆನಪಾಗುತ್ತದೆ. ಆದರೆ ಇದು ನಾದದ ಸೀಮೆಯೂ ಹೌದು. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಡದಲ್ಲಿರುವ ರುದ್ರಪಟ್ಟಣ ಸಂಗೀತಗಾರರ ಊರೆಂದೇ ಪ್ರಸಿದ್ಧ. ಆರ್.ಕೆ. ಶ್ರೀಕಂಠನ್ ಅವರಂಥ ಹಿರಿಯ ವಿದ್ವಾಂಸರನ್ನು ಕೊಟ್ಟ ಆ ಊರಿನಲ್ಲಿ ಇಂದು ತಂಬೂರಿಯ ಆಕಾರದ ಮಂದಿರವೇ ಇದೆ. ಅರಕಲಗೂಡಿನ ಹೆಸರನ್ನು ತಮ್ಮ ಹೆಸರಿನ ಮೊದಲಿಗೇ ಹೊತ್ತ ಅ.ನ.ಕೃ. ಅವರು ಸಂಗೀತಗಾರನ ಬದುಕನ್ನೇ ವಸ್ತುವಾಗಿಸಿ ‘ಸಂಧ್ಯಾರಾಗ’ ಬರೆದರು. ಹೇಮಾವತಿಯ ದಡದ ಹೊಳೆನರಸೀಪುರದಲ್ಲಿ ಸಚ್ಚಿದಾನಂದೇಂದ್ರ ಸರಸ್ವತಿಗಳ ಅಧ್ಯಾತ್ಮ ಪ್ರಕಾಶ ಕಾರ್ಯಾಲಯ ಗಹನವಾದ ವೇದಾಂತವನ್ನು ಕನ್ನಡ ಓದುಗರಿಗೆ ಮುಟ್ಟಿಸಿತು. ಇನ್ನು ಚನ್ನರಾಯಪಟ್ಟಣದ ಕಡೆಯ ಬಯಲುಸೀಮೆಯ ಹಳ್ಳಿಗಳದು ಭಜನೆ, ತತ್ವಪದ, ಪೌರಾಣಿಕ ನಾಟಕಗಳ ಸಂಪ್ರದಾಯ. ದೂರದ ಬಯಲಿಗೂ ಕೇಳುವಂತೆ ಎದೆ ತುಂಬಿ ಹಾಡುವುದು ಅಲ್ಲಿಯ ರೂಢಿ. ಅಶ್ವತ್ಥ್ ಅವರ ವಿದ್ಯಾಭ್ಯಾಸ, ಉದ್ಯೋಗ ಎಲ್ಲವೂ ಬೆಂಗಳೂರಿನಲ್ಲೇ ನಡೆದವು. ಆದರೂ ಅವರ ಕಂಠದಲ್ಲಿ ಈ ಬಯಲಿನ ಗುಣವಿತ್ತೆಂದು ನನಗೆ ಸದಾ ಅನಿಸಿದೆ.

ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಅವರು ವಿಜ್ಞಾನ ಪದವಿ ಪಡೆದರು. ದೇವಗಿರಿ ಶಂಕರರಾವ್ ಜೋಶಿ ಅವರಲ್ಲಿ ಹಿಂದೂಸ್ತಾನಿ ಸಂಗೀತ ಕಲಿತರು. ಹೊಟ್ಟೆಪಾಡಿಗೆ ಸೇರಿದ್ದು ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಅಂದರೆ ಐ.ಟಿ.ಐ. ಕಾರ್ಖಾನೆಯನ್ನು. ಅಲ್ಲಿ 27 ವರ್ಷ ದುಡಿದು 1992ರಲ್ಲಿ ನಿವೃತ್ತರಾದರು. ಅವರ ಬಗೆಗಿನ ಬರಹಗಳಲ್ಲಿ ಈ ಸಂಗತಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಅರ್ಥಶಾಸ್ತ್ರ ಓದಿದ ನನಗೆ ಮಾತ್ರ ಇದು ನಿಂತು ನೋಡಬೇಕಾದ ಸಂಗತಿ.

1948ರಲ್ಲಿ ಆರಂಭವಾದ ಐ.ಟಿ.ಐ. ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ದಿಮೆ. ಅದರ ಜೊತೆಗೆ ಎಚ್.ಎ.ಎಲ್., ಎಚ್.ಎಂ.ಟಿ., ಬಿ.ಇ.ಎಲ್. ಸೇರಿ ಬೆಂಗಳೂರಿನಲ್ಲಿ ಒಂದು ಹೊಸ ವರ್ಗವನ್ನು ಸೃಷ್ಟಿಸಿದವು. ನಿಗದಿತ ವೇಳೆಯ ಕೆಲಸ, ತಿಂಗಳಿಗೊಮ್ಮೆ ತಪ್ಪದ ಸಂಬಳ, ಸಂಜೆಯ ಬಿಡುವು ಇದ್ದ ವರ್ಗವದು. ಈ ಕಾರ್ಖಾನೆಗಳ ಕನ್ನಡ ಸಂಘಗಳು, ಅವುಗಳ ರಾಜ್ಯೋತ್ಸವಗಳು, ಹವ್ಯಾಸಿ ನಾಟಕ ತಂಡಗಳು ನಗರದ ಕನ್ನಡ ಬದುಕಿಗೆ ಆಸರೆಯಾದವು. ಕವಿತೆಗೆ ರಾಗ ಹಾಕಿ ಸಂಸಾರ ಸಾಗಿಸುವಂಥ ಮಾರುಕಟ್ಟೆ ಅರವತ್ತರ, ಎಪ್ಪತ್ತರ ದಶಕಗಳಲ್ಲಿ ಇರಲೇ ಇಲ್ಲ. ಅಶ್ವತ್ಥ್ ಅವರ ಪ್ರಯೋಗಗಳ ಹಿಂದೆ ದೂರವಾಣಿ ಯಂತ್ರ ತಯಾರಿಸುವ ಕಾರ್ಖಾನೆಯ ಸಂಬಳವಿತ್ತು. ಶ್ರೀಕಂಠನ್ ಅವರಿಗೂ ಆಕಾಶವಾಣಿಯ ನೌಕರಿಯಿತ್ತು. ಸಂಸ್ಕೃತಿಗೆ ಸರ್ಕಾರ ನೀಡಿದ ಅತಿ ದೊಡ್ಡ ಸಹಾಯಧನ ಯಾವ ಆಯವ್ಯಯದ ಪುಟದಲ್ಲೂ ನಮೂದಾಗಿಲ್ಲ. ಅದು ಇಂಥ ಸಂಬಳಗಳ ರೂಪದಲ್ಲಿ ಸಂದಿತು.

ಆ ಸಂಜೆಗಳು ಅಶ್ವತ್ಥ್ ಅವರನ್ನು ಮೊದಲು ಕರೆದೊಯ್ದದ್ದು ರಂಗಭೂಮಿಗೆ. ನಾಟಕದ ಹಾಡಿನಲ್ಲಿ ಮಾತು ಮುಖ್ಯ. ಹಿಂದಿನ ಸಾಲಿನ ಪ್ರೇಕ್ಷಕನಿಗೆ ಒಂದು ಅಕ್ಷರ ಕೇಳದಿದ್ದರೂ ಕಥೆ ಕೆಡುತ್ತದೆ. ಪದವನ್ನು ಒತ್ತಿ ಹೇಳುವುದು, ಬೇಕಾದಲ್ಲಿ ನಿಲ್ಲಿಸುವುದು, ಒಂದೇ ಪದವನ್ನು ಮೂರು ಬಾರಿ ಮೂರು ಭಾವದಲ್ಲಿ ನುಡಿಯುವುದು ಎಲ್ಲವೂ ಅವರ ಗಾಯನಕ್ಕೆ ರಂಗಭೂಮಿಯಿಂದ ಬಂದ ಗುಣಗಳು. ಮಾಸ್ತಿಯವರ ‘ಕಾಕನಕೋಟೆ’ ನಾಟಕವನ್ನು ಸಿ.ಆರ್. ಸಿಂಹ 1977ರಲ್ಲಿ ಚಲನಚಿತ್ರವಾಗಿಸಿದಾಗ ಸಂಗೀತದ ಹೊಣೆ ಅಶ್ವತ್ಥ್ ಅವರದಾಯಿತು. ಮಾಸ್ತಿಯವರೂ ಮೈಸೂರು ಸಂಸ್ಥಾನದ ಸಿವಿಲ್ ಅಧಿಕಾರಿಯಾಗಿದ್ದವರು. ಆಡಳಿತಾಧಿಕಾರಿಯೊಬ್ಬರು ಬರೆದ ಕಾಡಿನ ಹಾಡುಗಳಿಗೆ ಕಾರ್ಖಾನೆಯ ಉದ್ಯೋಗಿಯೊಬ್ಬರು ರಾಗ ಹಾಕಿದರು. ಬಳಿಕ ಪಿಟೀಲು ವಿದ್ವಾಂಸ ಎಲ್. ಸುಬ್ರಹ್ಮಣ್ಯಂ ಅವರ ಸೋದರ ಎಲ್. ವೈದ್ಯನಾಥನ್ ಅವರೊಡನೆ ಕೂಡಿ, ‘ಅಶ್ವತ್ಥ್-ವೈದಿ’ ಎಂಬ ಜೋಡಿ ಹೆಸರಿನಲ್ಲಿ ಅವರು ‘ನಾರದ ವಿಜಯ’, ‘ಅನುಪಮ’, ‘ಆಲೆಮನೆ’ ಚಿತ್ರಗಳಿಗೆ ಸಂಗೀತ ನೀಡಿದರು. ವಾದ್ಯವೃಂದವನ್ನು ಹದವರಿತು ಬಳಸುವ ಕೌಶಲ ಈ ಅವಧಿಯಲ್ಲಿ ಬಲಿಯಿತು.

ಇಷ್ಟೇ ಆಗಿದ್ದರೆ ಅವರು ಹಲವು ಚಿತ್ರಸಂಗೀತ ನಿರ್ದೇಶಕರಲ್ಲಿ ಒಬ್ಬರಾಗಿ ಉಳಿಯುತ್ತಿದ್ದರು. ಅವರ ನಿಜವಾದ ಕ್ಷೇತ್ರ ಸುಗಮ ಸಂಗೀತ. ಕವಿಗಳ ರಚನೆಗಳನ್ನು ಜನರ ನಡುವೆ ಹಾಡುವ ದಾರಿಯನ್ನು ಮೊದಲು ತೆರೆದವರು ಪಿ. ಕಾಳಿಂಗರಾಯರು. ನಿಸಾರ್ ಅಹಮದ್ ಅವರ ಗೀತೆಗಳ ‘ನಿತ್ಯೋತ್ಸವ’ ಧ್ವನಿಸುರುಳಿಯನ್ನು 1978ರಲ್ಲಿ ಹೊರತಂದು ಆ ದಾರಿಯನ್ನು ಅಗಲಗೊಳಿಸಿದವರು ಮೈಸೂರು ಅನಂತಸ್ವಾಮಿ. ಅಲ್ಲಿಂದ ಮುಂದೆ ಅಶ್ವತ್ಥ್ ಅದನ್ನು ಹೆದ್ದಾರಿ ಮಾಡಿದರು. ಲಕ್ಷ್ಮೀನಾರಾಯಣ ಭಟ್ಟರ ‘ದೀಪಿಕಾ’, ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’, ಬೇಂದ್ರೆ, ಕುವೆಂಪು, ಜಿ.ಎಸ್. ಶಿವರುದ್ರಪ್ಪ ಅವರ ಕವಿತೆಗಳು ಅವರ ಸಂಯೋಜನೆಯಲ್ಲಿ ಧ್ವನಿಸುರುಳಿಗಳಾಗಿ ಬಂದವು. ಶಿವಮೊಗ್ಗ ಸುಬ್ಬಣ್ಣ, ರತ್ನಮಾಲಾ ಪ್ರಕಾಶ್, ಬಿ.ಆರ್. ಛಾಯಾ ಮೊದಲಾದವರ ಕಂಠಗಳು ಅವುಗಳ ಮೂಲಕ ನಾಡಿಗೆ ಪರಿಚಿತವಾದವು.

ಇವುಗಳಲ್ಲೆಲ್ಲ ದೂರಗಾಮಿಯಾದದ್ದು ಶಿಶುನಾಳ ಷರೀಫರ ಪದಗಳ ಸಂಯೋಜನೆ. 1819ರಲ್ಲಿ ಶಿಶುನಾಳದಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಷರೀಫರು ಕಳಸದ ಗೋವಿಂದ ಭಟ್ಟರ ಶಿಷ್ಯರು. ಅವರ ಪದಗಳು ಬಾಯಿಂದ ಬಾಯಿಗೆ ಧಾರವಾಡದ ಸೀಮೆಯಲ್ಲಿ ಹರಿದಾಡುತ್ತಿದ್ದವು. ಹಳೆಯ ಮೈಸೂರಿನ ಸಾಮಾನ್ಯ ಜನರಿಗೆ ಅವುಗಳ ಪರಿಚಯ ಅಷ್ಟಾಗಿ ಇರಲಿಲ್ಲ. ಲಕ್ಷ್ಮೀನಾರಾಯಣ ಭಟ್ಟರು ಈ ಪದಗಳನ್ನು ಜನರ ಮುಂದಿಡಲು ಎಷ್ಟು ಶ್ರಮಿಸಿದರೆಂದರೆ ಅವರಿಗೆ ‘ಷರೀಫ್ ಭಟ್ಟ’ ಎಂಬ ಹೆಸರೇ ಬಂದಿತು. ಅವುಗಳಿಗೆ ಹೊಸ ಕಾಲದ ಕಂಠವನ್ನೂ ಗತಿಯನ್ನೂ ಕೊಟ್ಟವರು ಅಶ್ವತ್ಥ್.

ಇದರ ಪರಿಣಾಮವನ್ನು ನಾನು ಕಣ್ಣಾರೆ ಕಂಡವನು. ನನ್ನ ಸೇವೆಯ ಆರಂಭದ ಕೆಲವು ವರ್ಷಗಳು, ಎಂಬತ್ತರ ದಶಕದ ಕೊನೆ ಹಾಗೂ ತೊಂಬತ್ತರ ದಶಕದ ಮೊದಲಲ್ಲಿ, ಹಾಸನ ಜಿಲ್ಲೆಯ ಕಂದಾಯ ಆಡಳಿತದಲ್ಲಿ ಕಳೆದವು. ಜಮಾಬಂದಿಗೆಂದು, ಬೆಳೆಹಾನಿ ಪರಿಶೀಲನೆಗೆಂದು ಹಾಸನದಿಂದ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಗೆ ಜೀಪಿನಲ್ಲಿ ಓಡಾಡುತ್ತಿದ್ದೆ. ಬಸ್ ನಿಲ್ದಾಣದ ಪಕ್ಕದ ಹೋಟೆಲುಗಳಲ್ಲಿ, ಗಣೇಶನ ಚಪ್ಪರಗಳಲ್ಲಿ, ಮದುವೆ ಮನೆಗಳಲ್ಲಿ ಕೋಡಗವನ್ನು ಕೋಳಿ ನುಂಗಿದ ಪದ ಕೇಳಿಬರುತ್ತಿತ್ತು. ತುಮಕೂರಿನಿಂದ ಆಚೆಗೆ ಹೋಗದಿದ್ದ ನಮ್ಮ ಜೀಪಿನ ಚಾಲಕರು ಅದನ್ನು ಧಾರವಾಡದ ಉಚ್ಚಾರಣೆಯಲ್ಲೇ ಗುನುಗುತ್ತಿದ್ದರು. ಆ ಒಗಟಿನ ಅರ್ಥವೇನೆಂದು ಗ್ರಾಮ ಲೆಕ್ಕಿಗರೂ ಶಾಲಾ ಮಾಸ್ತರರೂ ವಾದ ಮಾಡುವುದನ್ನು ಅರಕಲಗೂಡಿನ ಪ್ರವಾಸಿ ಮಂದಿರದ ಜಗಲಿಯಲ್ಲಿ ಕೇಳಿದ್ದೇನೆ.

ಇದನ್ನು ಸಣ್ಣ ಸಂಗತಿಯೆಂದು ತಳ್ಳಿಹಾಕುವಂತಿಲ್ಲ. ರಾಜ್ಯಗಳ ಪುನರ್ವಿಂಗಡಣೆಯಾದ ಮೇಲೂ ಮುಂಬಯಿ ಕರ್ನಾಟಕ, ಹೈದರಾಬಾದ್ ಕರ್ನಾಟಕ, ಹಳೆಯ ಮೈಸೂರು ಎಂಬ ಮಾತುಗಳು ಕಚೇರಿಯ ಜ್ಯೇಷ್ಠತಾ ಪಟ್ಟಿಗಳಿಂದ ಹಿಡಿದು ಮದುವೆ ಮಾತುಕತೆಗಳವರೆಗೆ ಜೀವಂತವಾಗಿದ್ದವು. 1973ರಲ್ಲಿ ರಾಜ್ಯದ ಹೆಸರು ಬದಲಾಯಿತೇ ಹೊರತು ಪರಸ್ಪರರ ಕನ್ನಡವನ್ನು ಕುರಿತ ನಗೆಚಾಟಿಕೆ ನಿಲ್ಲಲಿಲ್ಲ. ಉತ್ತರದವರ ಮಾತು ಒರಟು, ದಕ್ಷಿಣದವರದು ಸಪ್ಪೆ ಎಂಬ ಪೂರ್ವಗ್ರಹಗಳನ್ನು ಸುತ್ತೋಲೆ ಹೊರಡಿಸಿ ನಿವಾರಿಸಲಾಗದು. ಬಯಲುಸೀಮೆಯ ಮನೆಯೊಂದರಲ್ಲಿ ಷರೀಫರ ಪದ ಮೊಳಗಿದಾಗ, ಧಾರವಾಡದ ಮನೆಯೊಂದರಲ್ಲಿ ಮೈಸೂರು ಮಲ್ಲಿಗೆಯ ಹಾಡು ಕೇಳಿದಾಗ, ಆ ಗೋಡೆ ತಾನಾಗಿ ತಗ್ಗಿತು. ಚನ್ನರಾಯಪಟ್ಟಣದಲ್ಲಿ ಹುಟ್ಟಿದವರೊಬ್ಬರು ಶಿಶುನಾಳದ ಸಂತನ ದನಿಯಾದದ್ದು ಕರ್ನಾಟಕದ ಏಕೀಕರಣದ ಒಂದು ಅಧ್ಯಾಯವೇ ಸರಿ.

ಇಲ್ಲಿ ಧ್ವನಿಸುರುಳಿಯ ಪಾತ್ರವನ್ನೂ ಗಮನಿಸಬೇಕು. ಕವನ ಸಂಕಲನವೊಂದು ಸಾಮಾನ್ಯವಾಗಿ ಸಾವಿರ ಪ್ರತಿ ಅಚ್ಚಾಗುತ್ತಿತ್ತು. ಅದು ಖರ್ಚಾಗಲು ವರ್ಷಗಳೇ ಬೇಕಾಗುತ್ತಿದ್ದವು. ಓದುಬಾರದವರಿಗೆ ಅದು ದಕ್ಕುತ್ತಲೂ ಇರಲಿಲ್ಲ. ಧ್ವನಿಸುರುಳಿಗೆ ಅಕ್ಷರದ ಹಂಗಿಲ್ಲ. ಒಂದು ಮನೆ ಕೊಂಡರೆ ಬೀದಿಯೆಲ್ಲ ಕೇಳುತ್ತಿತ್ತು. ಅರ್ಥಶಾಸ್ತ್ರದಲ್ಲಿ ಒಬ್ಬರು ಅನುಭವಿಸಿದರೂ ಇನ್ನೊಬ್ಬರಿಗೆ ಕಡಿಮೆಯಾಗದ ವಸ್ತುವನ್ನು ಸಾರ್ವಜನಿಕ ಸರಕು ಎನ್ನುತ್ತಾರೆ. ಪುಸ್ತಕದೊಳಗಿನ ಕವಿತೆ ಹೀಗೆ ಸಾರ್ವಜನಿಕ ಸರಕಾಯಿತು.

ಆಕ್ಷೇಪಣೆಗಳು ಇರಲಿಲ್ಲವೆಂದಲ್ಲ. ಕವಿತೆ ಮೌನವಾಗಿ ಓದಿಕೊಳ್ಳಬೇಕಾದದ್ದು, ರಾಗ ಹಾಕಿದರೆ ಅದರ ಅರ್ಥ ಒಂದೇ ಭಾವಕ್ಕೆ ಕಟ್ಟುಬೀಳುತ್ತದೆ ಎಂದು ಸಾಹಿತ್ಯ ವಲಯದ ಹಲವರು ವಾದಿಸಿದರು. ಶಾಸ್ತ್ರೀಯ ಸಂಗೀತದವರಿಗೆ ಇದು ಹಗುರವೆನಿಸಿತು. ಅನಂತಸ್ವಾಮಿ ಅವರ ಮೆಲುದನಿಯ ಸಂಯಮವನ್ನು ಮೆಚ್ಚಿದವರಿಗೆ ಅಶ್ವತ್ಥ್ ಅವರ ತಾರಸ್ಥಾಯಿಯ ಆವೇಶವೂ ವಾದ್ಯಗಳ ಅಬ್ಬರವೂ ಅತಿಯೆನಿಸಿದವು. ಈ ಮಾತಿನಲ್ಲಿ ಸತ್ಯಾಂಶವಿದೆ. ಗಂಡಹೆಂಡಿರ ಪಿಸುಮಾತಿನಂಥ ಕೆಲವು ಮಲ್ಲಿಗೆಯ ಕವಿತೆಗಳು ಅವರ ತುಂಬುಕಂಠದಲ್ಲಿ ಸ್ವಲ್ಪ ನಲುಗಿದವೆಂದೇ ನನ್ನ ಭಾವನೆ. ಆದರೆ ತತ್ವಪದಕ್ಕೆ, ಬೇಂದ್ರೆಯವರ ಕುಣಿತದ ಲಯಕ್ಕೆ, ಕುವೆಂಪು ಅವರ ಆಹ್ವಾನದ ದನಿಗೆ ಅಂಥ ಕಂಠವೇ ಬೇಕಿತ್ತು.

ಇಂಥ ತಕರಾರು ನಮ್ಮಲ್ಲಿ ಮಾತ್ರ ಎದ್ದದ್ದಲ್ಲ. ಅಮೆರಿಕದ ರಿದಮ್ ಅಂಡ್ ಬ್ಲೂಸ್ ಗಾಯಕ ರೇ ಚಾರ್ಲ್ಸ್ ಐವತ್ತರ ದಶಕದಲ್ಲಿ ಕಪ್ಪು ಜನರ ಚರ್ಚಿನ ಗಾಯನ ಶೈಲಿಯನ್ನು ಲೌಕಿಕ ಹಾಡಿಗೆ ತಂದಾಗ ಭಕ್ತರು ಸಿಡಿಮಿಡಿಗೊಂಡಿದ್ದರು. ಕಾಲ ಕಳೆದಂತೆ ಅದೇ ಅಲ್ಲಿಯ ಜನಪ್ರಿಯ ಸಂಗೀತದ ಮುಖ್ಯ ಧಾರೆಯಾಯಿತು. ಮಠದ, ಜಗಲಿಯ, ಪುಸ್ತಕದ ಹಾಡನ್ನು ವೇದಿಕೆಗೆ ತಂದ ಅಶ್ವತ್ಥ್ ಅವರದೂ ಅದೇ ಜಾತಿಯ ಸಾಹಸ. ರೇ ಚಾರ್ಲ್ಸ್ ತಮ್ಮ ಕೆಲವು ಹಾಡುಗಳನ್ನು ತಾವೇ ರಚಿಸಿದವರು. ಅಶ್ವತ್ಥ್ ಅವರ ಸೃಷ್ಟಿಯೆಲ್ಲ ಪರರ ಪದಗಳಿಗೆ ರಾಗ ಕೊಡುವುದರಲ್ಲಿತ್ತು. ಪದ ಕವಿಯದಾದರೂ ಕೇಳುಗನ ನೆನಪಿನಲ್ಲಿ ಅದು ಉಳಿದದ್ದು ಅಶ್ವತ್ಥ್ ಅವರ ಸ್ವರದಲ್ಲಿ.

ಟಿ.ಎಸ್. ನಾಗಾಭರಣ ಅವರ ಚಿತ್ರಗಳು ಈ ಎರಡು ಹೊಳೆಗಳನ್ನು, ಅಂದರೆ ಸುಗಮ ಸಂಗೀತವನ್ನೂ ಸಿನಿಮಾವನ್ನೂ, ಕೂಡಿಸಿದವು. ‘ಸಂತ ಶಿಶುನಾಳ ಷರೀಫ’ ಚಿತ್ರದಲ್ಲಿ ಶ್ರೀಧರ್ ಷರೀಫರಾದರೆ ಗಿರೀಶ ಕಾರ್ನಾಡರು ಗೋವಿಂದ ಭಟ್ಟರಾದರು. ಷರೀಫರ ಗಾನಕಂಠ ಅಶ್ವತ್ಥ್ ಅವರದು. ರಾಷ್ಟ್ರೀಯ ಭಾವೈಕ್ಯಕ್ಕೆ ಮೀಸಲಾದ ನರ್ಗಿಸ್ ದತ್ ಪ್ರಶಸ್ತಿ ಆ ಚಿತ್ರಕ್ಕೆ ಸಂದಿತು. ‘ಮೈಸೂರು ಮಲ್ಲಿಗೆ’ ಚಿತ್ರವಾದಾಗ, 1942ರಲ್ಲಿ ಪ್ರಕಟವಾದ ಸಂಕಲನದ ಕವಿ ನರಸಿಂಹಸ್ವಾಮಿ ಅವರಿಗೆ ಅತ್ಯುತ್ತಮ ಗೀತರಚನೆಯ ರಾಷ್ಟ್ರಪ್ರಶಸ್ತಿ ಲಭಿಸಿತು. ಎಚ್.ಎಸ್. ವೆಂಕಟೇಶಮೂರ್ತಿಯವರ ಗೀತೆಗಳ ‘ಚಿನ್ನಾರಿ ಮುತ್ತ’ ಮಕ್ಕಳ ಬಾಯಲ್ಲಿ ನಲಿಯಿತು. 1997ರ ‘ನಾಗಮಂಡಲ’ದಲ್ಲಿ ಉತ್ತರ ಕರ್ನಾಟಕದ ಜಾನಪದ ಸೊಗಡು ಮತ್ತೊಮ್ಮೆ ಅವರ ಕೈಯಲ್ಲಿ ಅರಳಿತು.

2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರು ‘ಕನ್ನಡವೇ ಸತ್ಯ’ ಎಂಬ ಗಾಯನ ಕಾರ್ಯಕ್ರಮ ನಡೆಸಿದರು. ಸೇರಿದ ಜನರ ಸಂಖ್ಯೆಯನ್ನು ಲಕ್ಷದಲ್ಲಿ ಎಣಿಸಬೇಕಾಯಿತು. ಚಿತ್ರತಾರೆಯರ ಕುಣಿತಕ್ಕಲ್ಲ, ಕನ್ನಡ ಕವಿತೆ ಕೇಳುವುದಕ್ಕಾಗಿ ಅಷ್ಟು ಜನ ಬಂದಿದ್ದರು. ಮಾಹಿತಿ ತಂತ್ರಜ್ಞಾನದ ರಾಜಧಾನಿಯೆಂದು ಮೆರೆಯುತ್ತಿದ್ದ ನಗರದಲ್ಲಿ ಕನ್ನಡ ಕೇಳುವವರೇ ಇಲ್ಲ ಎಂಬ ಕೊರಗು ಆಗ ಎಲ್ಲೆಡೆ ಇತ್ತು. ಆ ಕೊರಗಿಗೆ ಸಿಕ್ಕ ಉತ್ತರ ಅದು. ಅದುವರೆಗೆ ಕವಿಗೀತೆಯೆಂದರೆ ಭಾಷಣಗಳಿಗೆ ಮುನ್ನ ಹಾಡುವ ಪ್ರಾರ್ಥನೆ, ಗಣ್ಯರು ಬರುವುದು ತಡವಾದರೆ ಹೊತ್ತು ತುಂಬಿಸುವ ಸಾಧನ. ಇಂಥ ಎಷ್ಟೋ ಸಭೆಗಳಿಗೆ ಸಾಕ್ಷಿಯಾಗಿರುವ ನಾನು ಅಂದು ಅದು ಸಭೆಯ ಯಜಮಾನಿಕೆಯನ್ನೇ ವಹಿಸಿಕೊಂಡಿತೆಂದು ಹೇಳಬಲ್ಲೆ.

2009ರ ಡಿಸೆಂಬರ್ 29ರಂದು, ತಮ್ಮ ಎಪ್ಪತ್ತು ತುಂಬಿದ ದಿನವೇ, ಅಶ್ವತ್ಥ್ ಬೆಂಗಳೂರಿನಲ್ಲಿ ನಿಧನರಾದರು. ಮರುದಿನ ಬೆಳಗಾಗುವಷ್ಟರಲ್ಲಿ ನಟ ವಿಷ್ಣುವರ್ಧನ್ ಅವರ ಸಾವಿನ ಸುದ್ದಿ ಬಂದಿತು. ನಾಡಿನ ಕಣ್ಣೀರೆಲ್ಲ ಸಹಜವಾಗಿಯೇ ಅತ್ತ ಹರಿಯಿತು. ಒಬ್ಬ ಗಾಯಕನ ಬದುಕನ್ನು ನಾಡು ಕುಳಿತು ಲೆಕ್ಕಹಾಕಬೇಕಾಗಿದ್ದ ಗಳಿಗೆ ಹೀಗೆ ಕೈತಪ್ಪಿತು. ನಂತರದ ವರ್ಷಗಳಲ್ಲಿ ಧಾಟಿಯ ವಿವಾದವೇ ಅವರ ಹೆಸರಿಗೆ ಅಂಟಿಕೊಂಡಿತು.

ಈಗ ಆಗಬೇಕಾದ ಕೆಲಸವೊಂದಿದೆ. ಕವಿಗೀತೆಯ ಒಂದು ಧ್ವನಿಮುದ್ರಿಕೆಯಲ್ಲಿ ಮೂರು ಬಗೆಯ ಹಕ್ಕುಗಳು ಅಡಗಿವೆ. ಪದ್ಯ ಕವಿಯ ವಾರಸುದಾರರದು, ಸ್ವರ ಸಂಯೋಜಕನ ವಾರಸುದಾರರದು, ಧ್ವನಿಮುದ್ರಣ ಅದನ್ನು ಹೊರತಂದ ಕಂಪನಿಯದು. ನಮ್ಮ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಪದ್ಯಕ್ಕೂ ಸ್ವರಕ್ಕೂ ಇರುವ ರಕ್ಷಣೆ ಕರ್ತೃವಿನ ಮರಣಾನಂತರ 60 ವರ್ಷ. ಷರೀಫರ ಪದ ಎಂದೋ ಎಲ್ಲರ ಸ್ವತ್ತಾಗಿದೆ. ಅದಕ್ಕೆ ಅಶ್ವತ್ಥ್ ಹಾಕಿದ ಸ್ವರದ ಮೇಲಿನ ಹಕ್ಕು ಮಾತ್ರ 2069ರ ಅಂತ್ಯದವರೆಗೆ ಉಳಿಯುತ್ತದೆ. 2012ರ ತಿದ್ದುಪಡಿ ಗೀತರಚನಕಾರರಿಗೂ ಸಂಗೀತ ಸಂಯೋಜಕರಿಗೂ ರಾಯಧನದಲ್ಲಿ ಪಾಲು ಕೊಡಿಸಿದೆ. ಇದು ನ್ಯಾಯವೇ. ಆದರೆ ಹಕ್ಕು ಎಷ್ಟೇ ದೀರ್ಘವಾದರೂ ಕಾಂತಪಟ್ಟಿಯ ಆಯುಸ್ಸು ಅಷ್ಟು ದೀರ್ಘವಲ್ಲ. ಧ್ವನಿಸುರುಳಿಗಳ ಕಾಲ ಮುಗಿದಿದೆ. ಕಂಪನಿ ಮುಚ್ಚಿದರೆ, ಗೋದಾಮು ಬದಲಾದರೆ, ಮೂಲ ಮುದ್ರಣ ಬೂಷ್ಟು ಹಿಡಿದರೆ ಹಕ್ಕು ಕಾಗದದಲ್ಲಿ ಉಳಿದೀತು, ಹಾಡು ಉಳಿಯದು.

ಆದ್ದರಿಂದ ಪ್ರತಿಮೆ, ವೃತ್ತ, ರಸ್ತೆಯ ಹೆಸರುಗಳಿಗಿಂತ ಮೊದಲು ಕನ್ನಡ ಮತ್ತು ಸಂಸ್ಕೃತಿ ಇಲಾಖೆಯೂ ಸಂಗೀತ ನೃತ್ಯ ಅಕಾಡೆಮಿಯೂ ಮೂರು ಕೆಲಸಗಳನ್ನು ಕೈಗೊಳ್ಳಬೇಕು. ಹಕ್ಕುದಾರರೊಡನೆ ಒಪ್ಪಂದ ಮಾಡಿಕೊಂಡು ಕಾಳಿಂಗರಾಯರಿಂದ ಅಶ್ವತ್ಥ್ ಅವರವರೆಗಿನ ಮೂಲ ಮುದ್ರಣಗಳನ್ನು ಡಿಜಿಟಲ್ ರೂಪದಲ್ಲಿ ಕಾಪಿಡಬೇಕು. ಸಂಯೋಜನೆಗಳ ಸ್ವರಲಿಪಿ ಪ್ರಕಟಿಸಬೇಕು. ಅವರೊಡನೆ ಹಾಡಿದ, ನುಡಿಸಿದ ಹಿರಿಯ ಕಲಾವಿದರ ನೆನಪುಗಳನ್ನು ಅವರು ನಮ್ಮೊಡನೆ ಇರುವಾಗಲೇ ದಾಖಲಿಸಬೇಕು. ಇದಕ್ಕೆ ತಗಲುವ ವೆಚ್ಚ ಒಂದು ಜಿಲ್ಲಾ ಉತ್ಸವದ ವೇದಿಕೆಯ ಅಲಂಕಾರಕ್ಕಿಂತ ಹೆಚ್ಚಾಗದೆಂದು ಅಂಥ ಬಿಲ್ಲುಗಳನ್ನು ಮಂಜೂರು ಮಾಡಿದ ಅನುಭವದಿಂದ ಹೇಳಬಲ್ಲೆ.

ಇನ್ನೊಂದು ಪ್ರಶ್ನೆಗೆ ಉತ್ತರ ಅಷ್ಟು ಸುಲಭವಲ್ಲ. ಸಂಜೆ ಬಿಡುವು ಕೊಡುತ್ತಿದ್ದ ಖಾಯಂ ನೌಕರಿಗಳು ಕ್ಷೀಣಿಸಿವೆ. ಚನ್ನರಾಯಪಟ್ಟಣದಿಂದಲೋ ಹೊಳೆನರಸೀಪುರದಿಂದಲೋ ಇಂದು ಬೆಂಗಳೂರಿಗೆ ಬರುವ ಪ್ರತಿಭಾವಂತ ಹುಡುಗ ಹುಡುಗಿಯರು ಗುತ್ತಿಗೆಯ ದುಡಿಮೆಯಲ್ಲಿ, ದಾರಿಯ ದಟ್ಟಣೆಯಲ್ಲಿ ಸಂಜೆಗಳನ್ನು ಕಳೆದುಕೊಂಡಿದ್ದಾರೆ. ಐ.ಟಿ.ಐ. ಸಂಬಳ ಒಬ್ಬ ಅಶ್ವತ್ಥ್‌ಗೆ ಒದಗಿಸಿದ ನಿಶ್ಚಿಂತೆಯನ್ನು ಮುಂದಿನವರಿಗೆ ಯಾವ ರೂಪದಲ್ಲಿ ಒದಗಿಸಬೇಕು ಎಂಬುದು ಸಾಂಸ್ಕೃತಿಕ ನೀತಿಯ ಮುಖ್ಯ ಪ್ರಶ್ನೆಯಾಗಬೇಕು. ನಾಡಗೀತೆಗೆ ಧಾಟಿ ನಿಗದಿಪಡಿಸಿದ ಸರ್ಕಾರ ಇನ್ನು ಈ ಕಡತವನ್ನು ತೆರೆಯಲಿ.